ಕಾಂಬಳವಾಡಿಯ ಹಾದಿಯಲ್ಲಿ

ಕೊಲ್ಹಾಪುರವೆಂದೊಡನೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುವು ಮೂರು: ಮಹಾಲಕ್ಷ್ಮಿಯ ಗುಡಿ, ಕಿರುಗುಟ್ಟುವ ಚಪ್ಪಲಿ, ಹೊಂಬಣ್ಣದ ಬೆಲ್ಲ. ಮೊದಲನೆಯದು ಭಕ್ತರಿಗೆ, ಎರಡನೆಯದು ಷೋಕಿಲಾಲರಿಗೆ, ಮೂರನೆಯದು ಮನೆಮಂದಿಗೆಲ್ಲ. ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಕಂಡು ಬರಬೇಕೆಂಬ ಹಂಬಲದಿಂದ, 2024ರ ಮಳೆಗಾಲ ಹಿಂಜರಿಯುತ್ತಿದ್ದ ದಿನಗಳಲ್ಲಿ ನಾನೂ ನನ್ನ ಶ್ರೀಮತಿಯೂ ಬೆಳಗಾವಿಯಿಂದ ಹೊರಟೆವು. ಆಕೆಗೆ ದೇವಿಯ ಹರಕೆ ತೀರಿಸುವ ಆತುರ. ನನಗೆ ಒಂದು ಹಳ್ಳಿಯನ್ನು ನೋಡುವ ಆತುರ. ಆ ಹಳ್ಳಿಯ ಹೆಸರು ಕಾಂಬಳವಾಡಿ.

ಆ ಹೆಸರು ನನಗೆ ಗೊತ್ತಾದುದು ನಾಚಿಕೆಯ ಮೂಲಕ ಎಂದರೆ ಓದುಗರು ನಗಬಾರದು. 2024ರ ಆಗಸ್ಟ್ 1, ಗುರುವಾರ. ಪ್ಯಾರಿಸ್ ಒಲಿಂಪಿಕ್ಸಿನ ಬಂದೂಕಿನ ಸ್ಪರ್ಧೆಯೊಂದನ್ನು ಟೆಲಿವಿಷನ್ನಿನಲ್ಲಿ ತೋರಿಸುತ್ತಿದ್ದರು. ಸ್ವಪ್ನಿಲ್ ಕುಸಾಳೆ ಎಂಬ ತರುಣ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಮೂರನೆಯವನಾಗಿ ನಿಂತ. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದುದು ಅದೇ ಮೊದಲು. ನಾನು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆ. ಅಡಿಗೆಮನೆಯಿಂದ ಶ್ರೀಮತಿ ಬಂದು ಕೇಳಿದಳು:

“ಯಾರು ಈ ಹುಡುಗ?”

“ನಮ್ಮವನು!”

“ನಮ್ಮವನೆಂದರೆ ಯಾವ ಊರು?”

ನನ್ನಿಂದ ಉತ್ತರ ಹೊರಡಲಿಲ್ಲ. ಹಿಂದಿನ ದಿನ ಆ ಹೆಸರನ್ನು ಯಾರಾದರೂ ಹೇಳಿದ್ದರೆ ‘ಯಾರು?’ ಎಂದು ನಾನೇ ಕೇಳುತ್ತಿದ್ದೆ. ಬುಧವಾರ ಗುರುತಿಲ್ಲದವನು ಗುರುವಾರ ನಮ್ಮವನಾಗಿಬಿಟ್ಟಿದ್ದ. ಮರುದಿನ ಪತ್ರಿಕೆ ನೋಡಿದರೆ ಅವನ ಊರು ದೂರದ್ದೇನೂ ಅಲ್ಲ. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕು. ಆ ತಾಲೂಕಿನ ದೂಧಗಂಗೆಯ ನೀರು ನಮ್ಮ ಚಿಕ್ಕೋಡಿಯ ಸೀಮೆಗೆ ಹರಿದುಬಂದು ಕೃಷ್ಣೆಯನ್ನು ಸೇರುತ್ತದೆ. ನೀರು ನಮಗೆ ಬರುತ್ತಿತ್ತು, ಸುದ್ದಿ ಬಂದಿರಲಿಲ್ಲ.

ಖಾಸಬಾಗಿನ ಮಣ್ಣು

ನಿಪ್ಪಾಣಿಯನ್ನು ದಾಟಿದ ಮೇಲೆ ರಾಜ್ಯ ಬದಲಾಗುತ್ತದೆಯೇ ಹೊರತು ನೆಲ ಬದಲಾಗುವುದಿಲ್ಲ. ಅದೇ ಕರಿಮಣ್ಣು, ಅದೇ ಕಬ್ಬು. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಕೊಲ್ಹಾಪುರದಲ್ಲಿ ಆಳಿದ ಶಿಲಾಹಾರರ ಶಾಸನಗಳಲ್ಲಿ ಕನ್ನಡದವು ಅನೇಕ. ಆದುದರಿಂದ ಪರಸ್ಥಳಕ್ಕೆ ಬಂದೆವೆಂಬ ಭಾವನೆ ನಮಗೆ ಉಂಟಾಗಲಿಲ್ಲ. ಮುಂಜಾನೆ ದೇವಿಯ ದರ್ಶನವನ್ನು ಮುಗಿಸಿ, ಪ್ರಸಾದದ ಚುರುಮುರಿ-ಪುಠಾಣಿಗಳ ಪೊಟ್ಟಣವನ್ನು ಶ್ರೀಮತಿ ಚೀಲಕ್ಕೆ ಸೇರಿಸಿದ ಬಳಿಕ, ನಾನು ಆಕೆಯನ್ನು ಖಾಸಬಾಗ್ ಮೈದಾನಕ್ಕೆ ಕರೆದೊಯ್ದೆ.

ಬಂದೂಕಿನ ಹುಡುಗನನ್ನು ಅರಸಿ ಬಂದವರಿಗೆ ಕುಸ್ತಿಯ ಅಖಾಡದಲ್ಲೇನು ಕೆಲಸವೆಂದು ಆಕೆ ಕೇಳಿದಳು. ಕೆಲಸವಿತ್ತು. 1894ರಿಂದ 1922ರವರೆಗೆ ಕೊಲ್ಹಾಪುರವನ್ನಾಳಿದ ಛತ್ರಪತಿ ಶಾಹೂ ಮಹಾರಾಜರು, ಯುರೋಪಿನ ಪ್ರವಾಸದಲ್ಲಿ ರೋಮಿನ ಪುರಾತನ ರಂಗಸ್ಥಳವನ್ನು ಕಂಡು ಬಂದು, ಅದರ ಮಾದರಿಯಲ್ಲಿ ಕಟ್ಟಿಸಿದ ಮೈದಾನವಿದು. 1912ರಲ್ಲಿ ಇದು ಬಳಕೆಗೆ ಬಂದಿತು. ನಡುವೆ ಮಣ್ಣಿನ ಅಖಾಡ, ಸುತ್ತ ಮೇಲಕ್ಕೇರಿಹೋಗುವ ಆಸನಗಳು. ಯಾವ ಮೂಲೆಯಲ್ಲಿ ಕುಳಿತರೂ ಮಧ್ಯದಲ್ಲಿ ಸೆಣಸುವ ಇಬ್ಬರು ಕಣ್ಣಿಗೆ ಬೀಳುತ್ತಾರೆ. ದೊರೆ ಮೈದಾನವನ್ನು ಮಾತ್ರ ಕಟ್ಟಿಸಲಿಲ್ಲ. ದೂರದೂರದ ಮಲ್ಲರಿಗೆ ಆಶ್ರಯ ಕೊಟ್ಟು ಅವರ ಅನ್ನ, ಹಾಲು, ತುಪ್ಪಗಳ ಹೊಣೆ ಹೊತ್ತನು. ಗೆದ್ದ ಮೇಲೆ ಕೊಡುವುದು ಬಹುಮಾನ. ಗೆಲ್ಲುವುದಕ್ಕೆ ಮೊದಲು ಕೊಡುವುದು ಅನ್ನ. ಈ ಊರಿಗೆ ಎರಡರ ಭೇದವೂ ತಿಳಿದಿತ್ತು.

ಈ ಊರಿನ ರಾಜಾರಾಮ್ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿಗೆ ಹೋಗಿ ಕುಸ್ತಿಯಲ್ಲಿ ಕಂಚಿನ ಪದಕ ತಂದರು. ಸ್ವತಂತ್ರ ಭಾರತದ ಒಬ್ಬ ವ್ಯಕ್ತಿ ಗೆದ್ದ ಮೊತ್ತಮೊದಲ ಒಲಿಂಪಿಕ್ ಪದಕವದು. ಅವರನ್ನು ಕಳುಹಿಸಲು ಹಣವಿಲ್ಲದಾಗ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂದು ಕೊಲ್ಹಾಪುರದಲ್ಲಿ ಇಂದಿಗೂ ಹೇಳುತ್ತಾರೆ. ಹಿಂದಿರುಗಿದಾಗ ಎತ್ತಿನ ಗಾಡಿಗಳ ಸಾಲು ಮೆರವಣಿಗೆ ನಡೆಯಿತು. ಮೆರವಣಿಗೆಯ ಧೂಳು ಇಳಿದ ಮೇಲೆ ದೇಶ ಅವರನ್ನು ಮರೆಯಿತು. ಪೊಲೀಸ್ ಇಲಾಖೆಯಲ್ಲಿ ದುಡಿದು, 1984ರಲ್ಲಿ ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದುದು ಆಮೇಲೆ. ಅದನ್ನು ಸ್ವೀಕರಿಸಲು ಅವರಿರಲಿಲ್ಲ.

ಜಾಧವರ ಬಳಿಕ ಮಹಾರಾಷ್ಟ್ರದ ಮತ್ತೊಬ್ಬ ವ್ಯಕ್ತಿ ಒಲಿಂಪಿಕ್ ಪದಕ ಗೆಲ್ಲಲು 72 ವರ್ಷ ಬೇಕಾಯಿತು. ಆ ವ್ಯಕ್ತಿಯೇ ಕಾಂಬಳವಾಡಿಯ ಸ್ವಪ್ನಿಲ್.

ಬಂದೂಕು ಈ ಜಿಲ್ಲೆಗೆ ಹೊಸದಲ್ಲ. 2010ರಲ್ಲಿ ಮ್ಯೂನಿಕ್ ನಗರದಲ್ಲಿ 50 ಮೀಟರ್ ರೈಫಲ್ ಮಲಗುಭಂಗಿಯ ವಿಶ್ವವಿಜೇತೆಯಾದ ತೇಜಸ್ವಿನಿ ಸಾವಂತ್ ಕೊಲ್ಹಾಪುರದ ಮಗಳು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೂಡ ಇಲ್ಲಿಯವಳೇ. ಕ್ರಿಕೆಟ್ ಆಟಗಾರರ ಮಕ್ಕಳ ಹೆಸರುಗಳನ್ನು ಸಹ ಬಲ್ಲ ನಮ್ಮಂಥವರಿಗೆ ಈ ಇಬ್ಬರು ಹೆಣ್ಣುಮಕ್ಕಳ ಹೆಸರು ಎಷ್ಟರಮಟ್ಟಿಗೆ ಗೊತ್ತಿದೆಯೆಂಬುದನ್ನು ಓದುಗರೇ ತಮ್ಮನ್ನು ಕೇಳಿಕೊಳ್ಳಬಹುದು.

ಎಸ್‌ಟಿ ಬಸ್ಸಿನ ಅಜ್ಜ

ರಾಧಾನಗರಿಯ ಕಡೆಗೆ ಹೋಗುವ ಕೆಂಪು ಎಸ್‌ಟಿ ಬಸ್ಸಿನಲ್ಲಿ ಕುಳಿತೆವು. ಊರು ದಾಟುತ್ತಲೇ ಭೋಗಾವತಿಯ ಕಣಿವೆ ತೆರೆದುಕೊಂಡಿತು. ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು. ದೂರದಲ್ಲಿ ಮೋಡ ಹೊದ್ದು ಕುಳಿತ ಸಹ್ಯಾದ್ರಿ. ನಮ್ಮ ಪಕ್ಕದ ಆಸನದಲ್ಲಿ ಬಿಳಿಯ ಟೊಪ್ಪಿಗೆಯ ಅಜ್ಜನೊಬ್ಬ ಕುಳಿತಿದ್ದ. ನಮ್ಮ ಕನ್ನಡವನ್ನು ಕೇಳಿ ಅವನ ಮುಖ ಅರಳಿತು. ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದವನಂತೆ.

“ಯಾವ ಊರ್ರಿ ಸಾಹೇಬ್ರ?”

“ಬೆಳಗಾವಿ.”

“ಇತ್ಲಾಗ ಏನ ಬಂದ್ರಿ, ಧರಣ ನೋಡಾಕೇನು?” ಧರಣವೆಂದರೆ ಅಣೆಕಟ್ಟು.

“ಕಾಂಬಳವಾಡಿ ನೋಡಬೇಕಾಗಿತ್ತು.”

“ಓಹೋ, ನೇಮಬಾಜನ ಊರು!” ಎಂದು ಅಜ್ಜ ನಕ್ಕ. ಗುರಿಕಾರನಿಗೆ ಮರಾಠಿಯಲ್ಲಿ ನೇಮಬಾಜನೆನ್ನುತ್ತಾರೆ. ಆ ಮಾತಿನಲ್ಲಿ ಅವನ ಹೆಮ್ಮೆ ಸ್ಪಷ್ಟವಾಗಿತ್ತು. ನಾನೂ ಉತ್ಸಾಹದಿಂದ, “ದೇಶಕ್ಕೆಲ್ಲ ಅಭಿಮಾನ ತಂದನಲ್ಲ ಅಜ್ಜ!” ಎಂದೆ.

ಅಜ್ಜ ಕಿಟಕಿಯ ಹೊರಗಿನ ಕಬ್ಬನ್ನು ತೋರಿಸಿದ. “ಈಗ ಎಲ್ಲಾರೂ ಬರತಾರ್ರಿ. ಹಾರ ತರತಾರ, ಫೋಟೋ ತಗೀತಾರ. ಬರಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಸಾಹೇಬ್ರ, ಕಬ್ಬ ಕಡಿಯೂ ದಿನಾ ಹೊಲಕ್ಕ ಮಂದಿ ಬಾಳ. ನಡುರಾತ್ರ್ಯಾಗ ನೀರ ಹಾಸಾಕ ಹೋಗತೀವಲ್ಲ, ಅವಾಗ ಜೋಡಿ ಯಾರ ಬರತಾರ?”

ನನಗೆ ಮಾತು ಹೊರಡಲಿಲ್ಲ. ಶ್ರೀಮತಿ ನನ್ನತ್ತ ನೋಡಿದಳು. ಗುರುವಾರ ಕೇಳಿದ ಪ್ರಶ್ನೆಯೇ ಆ ನೋಟದಲ್ಲಿತ್ತು.

ಐವತ್ತು ಮೀಟರ್, ಒಂದು ಕಡಲೆಕಾಳು

ಕಾಂಬಳವಾಡಿ ಸಹ್ಯಾದ್ರಿಯ ತಪ್ಪಲಿನ ನೂರಾರು ಹಳ್ಳಿಗಳಂತೆಯೇ ಇದೆ. ಹೆಂಚಿನ ಮಾಡುಗಳು, ನಡುನಡುವೆ ಹೊಸ ಸಿಮೆಂಟಿನ ಮನೆಗಳು, ಹಟ್ಟಿಯಲ್ಲಿ ಎಮ್ಮೆ, ಅಂಗಳದಲ್ಲಿ ಒದ್ದೆ ಸೌದೆ. ಗುಂಡು ಹಾರಿಸಿ ಕಲಿಯುವ ಮೈದಾನವಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಸ್ವಪ್ನಿಲನ ತಂದೆ ಶಾಲೆಯ ಉಪಾಧ್ಯಾಯರು. ಮಗ ಪದಕ ಗೆದ್ದಾಗ ತಾಯಿ ಗ್ರಾಮದ ಸರಪಂಚರು. ಹಾರ ತುರಾಯಿಗಳಿಂದ ದಣಿದಿರಬಹುದಾದ ಆ ಮನೆಯ ಬಾಗಿಲನ್ನು ತಟ್ಟಿ ಇನ್ನಷ್ಟು ದಣಿಸಲು ನಮಗೆ ಮನಸ್ಸಾಗಲಿಲ್ಲ. ದಾರಿಯಲ್ಲಿ ನಿಂತು ಊರನ್ನಷ್ಟೇ ನೋಡಿದೆವು.

ಅಷ್ಟರಲ್ಲಿ ನಾಲ್ಕೈದು ಹುಡುಗರು ನೆರೆದರು. ಒಬ್ಬ ಕಬ್ಬಿನ ಜಲ್ಲೆಯನ್ನು ಬಂದೂಕಿನಂತೆ ಹಿಡಿದು ಮಂಡಿಯೂರಿದ; ಇನ್ನೊಬ್ಬ ಒದ್ದೆ ನೆಲವೆಂದು ನೋಡದೆ ಬೋರಲು ಮಲಗಿದ; ಮೂರನೆಯವನು ನೆಟ್ಟಗೆ ನಿಂತು ಒಂದು ಕಣ್ಣು ಮುಚ್ಚಿದ. ಮಂಡಿಯೂರುವುದು, ಮಲಗುವುದು, ನಿಲ್ಲುವುದು: ಇವೇ ಆ ಸ್ಪರ್ಧೆಯ ಮೂರು ಭಂಗಿಗಳು. ಅರ್ಹತೆಯ ಸುತ್ತಿನಲ್ಲಿ ಒಂದೊಂದು ಭಂಗಿಯಲ್ಲೂ 20ರಂತೆ 60 ಗುಂಡು ಹಾರಿಸಬೇಕು. ಮಲಗಿದಾಗ ಭೂಮಿಯೇ ಆಧಾರ. ಮಂಡಿಯೂರಿದಾಗ ಅರ್ಧ ಆಧಾರ. ನಿಂತಾಗ ತನ್ನ ಎಲುಬುಗಳಲ್ಲದೆ ಬೇರೆ ಆಧಾರವಿಲ್ಲ. ಕೈಯಲ್ಲಿರುವುದು ಹಲವು ಕಿಲೋ ತೂಕದ ರೈಫಲ್. ಎದೆಯ ಬಡಿತವೂ ಅದರ ಮೊನೆಯನ್ನು ಅಲುಗಿಸಬಲ್ಲುದು.

“50 ಮೀಟರ್ ಅಂದರೆ ಎಷ್ಟು ದೂರ?” ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದೆ. ಹುಡುಗನೊಬ್ಬ ರಸ್ತೆಯ ಆಚೆ, ಗದ್ದೆಯ ಬದುವಿನ ಮೇಲಿದ್ದ ಮಾವಿನ ಮರವನ್ನು ತೋರಿಸಿದ. ಶ್ರೀಮತಿ ಚೀಲದಿಂದ ಪ್ರಸಾದದ ಪೊಟ್ಟಣ ತೆಗೆದು ಎಲ್ಲರ ಬೊಗಸೆಗೂ ಹಾಕಿದಳು. ನಾನು ಒಂದು ಪುಠಾಣಿ ಕಾಳನ್ನು ಎತ್ತಿ ಹಿಡಿದೆ. ಗುರಿಹಲಗೆಯ ನಟ್ಟನಡುವಿನ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಈ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಮಾವಿನ ಮರದ ಬೊಡ್ಡೆಗೆ ಈ ಕಾಳನ್ನು ಅಂಟಿಸಿ, ಇಲ್ಲಿಂದ ಹೊಡೆಯಬೇಕು. ಒಂದು ಸಲವಲ್ಲ, 60 ಸಲ.

ಶ್ರೀಮತಿ ಮರವನ್ನು ನೋಡಿದಳು, ಕಾಳನ್ನು ನೋಡಿದಳು. “ನನಗೆ ಆ ಮರದ ಕಾಯಿಯೇ ಕಾಣುವುದಿಲ್ಲ,” ಎಂದಳು.

ಪ್ಯಾರಿಸ್ಸಿನ ಹೆಸರಿದ್ದರೂ ಈ ಸ್ಪರ್ಧೆ ನಡೆದುದು ಪ್ಯಾರಿಸ್ಸಿನಲ್ಲಲ್ಲ. ಅಲ್ಲಿಂದ ಸುಮಾರು 270 ಕಿಲೋಮೀಟರ್ ದಕ್ಷಿಣಕ್ಕೆ, ಫ್ರಾನ್ಸಿನ ನಡುನಾಡಿನಲ್ಲಿರುವ ಶಾತೋರೂ ಎಂಬ ಊರಿನಲ್ಲಿ. ಅರ್ಹತೆಯ ಸುತ್ತಿನಲ್ಲಿ ಸ್ವಪ್ನಿಲ್ 600ಕ್ಕೆ 590 ಗಳಿಸಿ ಏಳನೆಯವನಾಗಿ ಎಂಟು ಮಂದಿಯ ಅಂತಿಮ ಕಣಕ್ಕೆ ಬಂದ. ಅಲ್ಲಿ ಮಂಡಿಯೂರಿ ಹೊಡೆದಾಗ ಆರನೆಯ ಸ್ಥಾನ. ಮಲಗಿ ಹೊಡೆದಾಗ ಐದನೆಯದು. ನಿಂತು ಹೊಡೆಯುವ ಕಠಿನ ಭಂಗಿಯಲ್ಲಿ, ಉಳಿದವರ ಕೈ ನಡುಗುವ ಹೊತ್ತಿನಲ್ಲಿ, ಅವನು ಮೂರಕ್ಕೇರಿದ. 44 ಗುಂಡುಗಳಿಗೆ 451.4 ಅಂಕ. ಚೀನದ ಲಿಯು ಯುಕುನ್‌ಗೆ ಚಿನ್ನ, ಉಕ್ರೇನಿನ ಸೆರ್ಹಿ ಕುಲಿಶ್‌ಗೆ ಬೆಳ್ಳಿ, ರಾಧಾನಗರಿ ತಾಲೂಕಿಗೆ ಕಂಚು.

ನೀರು ಹಾಯಿಸಿದ ರಾತ್ರಿಗಳು

ಆ 44 ಗುಂಡುಗಳ ಹಿಂದೆ ಅದೆಷ್ಟು ಸಾವಿರ ಗುಂಡುಗಳಿದ್ದುವೋ! 2009ರಲ್ಲಿ ಹದಿನಾಲ್ಕರ ಸುಮಾರಿನ ಬಾಲಕ ಮನೆಯನ್ನು ಬಿಟ್ಟು ಮಹಾರಾಷ್ಟ್ರ ಸರಕಾರದ ಕ್ರೀಡಾ ಪ್ರಬೋಧಿನಿಗೆ ಸೇರಿ, ನಾಸಿಕದಲ್ಲಿ ಬಂದೂಕನ್ನು ಕೈಗೆತ್ತಿಕೊಂಡ. ಈ ಕ್ರೀಡೆ ಬಡವರ ಬಾಗಿಲಿಗೆ ತಾನಾಗಿ ಬರುವಂಥದಲ್ಲ. ಚೆಂಡು ಒಂದಿದ್ದರೆ ಇಪ್ಪತ್ತು ಮಂದಿ ಆಡಬಹುದು. ಗುಂಡು ಒಮ್ಮೆ ಹಾರಿದರೆ ಮುಗಿಯಿತು. ಆ ದಿನಗಳಲ್ಲಿ ಒಂದೊಂದು ಗುಂಡಿಗೆ 120 ರೂಪಾಯಿಯಂತೆ ಬೆಲೆಯಿತ್ತೆಂದೂ, ಮಗನ ಅಭ್ಯಾಸ ನಿಲ್ಲಬಾರದೆಂದು ಉಪಾಧ್ಯಾಯರಾದ ತಂದೆ ಸಾಲ ತೆಗೆದರೆಂದೂ ಪತ್ರಿಕೆಗಳು ಬರೆದುವು. ಮಾಸ್ತರರ ಸಂಬಳವನ್ನೂ ಗುಂಡಿನ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಗೃಹಸ್ಥನಿಗೆ ಈ ಮಾತಿನ ಭಾರ ತಿಳಿಯುತ್ತದೆ.

2015ರಲ್ಲಿ ಸ್ವಪ್ನಿಲನಿಗೆ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕನ ಕೆಲಸ ಸಿಕ್ಕಿತು. ಕೆಲಸದ ಮೊದಲ ತಿಂಗಳುಗಳ ಸಂಬಳವನ್ನು ಕೂಡಿಟ್ಟು ಅವನು ಕೊಂಡದ್ದು ಸ್ವಂತ ರೈಫಲ್. ಒಂದು ಕಾಲಕ್ಕೆ ರೈಲ್ವೆಯ ಟಿಕೆಟ್ ಪರೀಕ್ಷಕನಾಗಿದ್ದ ಮಹೇಂದ್ರಸಿಂಗ್ ಧೋನಿ ಅವನಿಗೆ ಆದರ್ಶ. ಗುರು ದೀಪಾಲಿ ದೇಶಪಾಂಡೆ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದವರು. ಅವರನ್ನು ಸ್ವಪ್ನಿಲ್ ಎರಡನೆಯ ತಾಯಿಯೆಂದೇ ಭಾವಿಸುತ್ತಾನೆ.

ಸೋಲುಗಳೂ ಬಂದುವು. 2022ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ. ಒಲಿಂಪಿಕ್ಸಿಗೆ ದೇಶದ ಸ್ಥಾನವೊಂದು ದೊರಕಿತು, ಪದಕ ದೊರಕಲಿಲ್ಲ. 2023ರಲ್ಲಿ ಹಾಂಗ್‌ಝೌದ ಏಷ್ಯನ್ ಕ್ರೀಡಾಕೂಟದಲ್ಲಿ ಐಶ್ವರಿ ಪ್ರತಾಪ್ ಸಿಂಗ್ ತೋಮರ್, ಅಖಿಲ್ ಶ್ಯೋರಾನ್ ಇವರೊಡನೆ ತಂಡದ ಚಿನ್ನ ಗೆದ್ದನಾದರೂ, ಒಂಟಿಯಾಗಿ ನಿಂತ ಅಂತಿಮ ಸುತ್ತಿನಲ್ಲಿ ಒಂದೇ ಒಂದು ಕೆಟ್ಟ ಗುಂಡು ಅವನನ್ನು ಮತ್ತೆ ನಾಲ್ಕಕ್ಕೆ ದೂಡಿತು. ನಾಲ್ಕನೆಯವನಿಗೆ ಹಾರವಿಲ್ಲ, ಭಾವಚಿತ್ರವಿಲ್ಲ. ಅಜ್ಜ ಹೇಳಿದ ರಾತ್ರಿಗಳು ಇವೇ. ಆ ರಾತ್ರಿಗಳಲ್ಲಿ ಜೊತೆಗಿದ್ದವರು ಸಾಲ ತೆಗೆದ ತಂದೆ, ಮಗನನ್ನು ದೂರ ಕಳುಹಿಸಿದ ತಾಯಿ, ಕಲಿಸಿದ ಗುರುಗಳು, ಅನ್ನ ಕೊಟ್ಟ ಕ್ರೀಡಾಶಾಲೆ, ಸಂಬಳ ಕೊಟ್ಟ ರೈಲು. ನಾನಂತೂ ಇರಲಿಲ್ಲ.

ದೊರೆಯ ಕಾಡು, ಮಾಸ್ತರರ ಮಗ

ಸಂಜೆಯ ಹೊತ್ತಿಗೆ ರಾಧಾನಗರಿಯ ಅಣೆಕಟ್ಟಿನೆದುರು ನಿಂತಿದ್ದೆವು. ಮಗಳು ರಾಧಾಬಾಯಿಯ ಹೆಸರನ್ನು ಊರಿಗಿಟ್ಟು, ಶಾಹೂ ಮಹಾರಾಜರು 20ನೆಯ ಶತಮಾನದ ಮೊದಲ ದಶಕದಲ್ಲಿ ಭೋಗಾವತಿಗೆ ಕಟ್ಟಿಸಲಾರಂಭಿಸಿದ ಅಣೆಕಟ್ಟು ಇದು. ಹಣ ಸಾಲದೆ ಕೆಲಸ ನಿಂತಿತು. ಮುಗಿದುದು ಸ್ವಾತಂತ್ರ್ಯ ಬಂದ ಮೇಲೆ. ಕಟ್ಟತೊಡಗಿದ ದೊರೆ ಅದರ ತುಂಬುಕೆರೆಯನ್ನು ಕಾಣಲಿಲ್ಲ. ದಾರಿಯುದ್ದಕ್ಕೂ ನಾವು ಕಂಡ ಕಬ್ಬಿಗೆ ಮಾತ್ರ ಆ ನೀರು ತಲಪಿತು.

ಕೆರೆಯಾಚೆಗೆ ದಾಜೀಪುರದ ದಟ್ಟಡವಿ. ಕಾಡುಕೋಣಗಳ ಈ ಕಾಡು ಹಿಂದೆ ಕೊಲ್ಹಾಪುರದ ದೊರೆಗಳ ಬೇಟೆಯ ಬನವಾಗಿತ್ತು; 1958ರಲ್ಲಿ ಅದನ್ನು ಅಭಯಾರಣ್ಯವಾಗಿ ಮಾಡಿದರು. ಬಂದೂಕೆಂಬುದು ಈ ನೆಲದಲ್ಲಿ ಅರಮನೆಯ ವಸ್ತುವಾಗಿದ್ದ ಕಾಲವದು. ದೇಶಕ್ಕೆ ಮೊದಮೊದಲು ಹೊರನಾಡಿನಲ್ಲಿ ಗುರಿಯ ಕೀರ್ತಿ ತಂದವರೂ ಅರಮನೆಯವರೇ. ಬಿಕಾನೇರಿನ ಮಹಾರಾಜ ಕರ್ಣಿಸಿಂಗ್ 1962ರ ವಿಶ್ವ ಸ್ಪರ್ಧೆಯಲ್ಲಿ, ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ವಿಭಾಗದಲ್ಲಿ, ಬೆಳ್ಳಿಯ ಪದಕ ಗೆದ್ದರು. ಐದು ಒಲಿಂಪಿಕ್ಸುಗಳಲ್ಲಿ ಅವರು ದೇಶದ ಪರವಾಗಿ ನಿಂತರು. ಅವರ ಸಾಧನೆಯೇನೂ ಸಣ್ಣದಲ್ಲ. ಆ 1962ರ ಸ್ಪರ್ಧೆ ನಡೆದ ಊರು ಯಾವುದು ಗೊತ್ತೆ? ಕೈರೋ. ಸರಿಯಾಗಿ 60 ವರ್ಷಗಳ ನಂತರ ಅದೇ ಊರಿನಲ್ಲಿ, ಒಲಿಂಪಿಕ್ಸಿನ ಬಾಗಿಲನ್ನು ದೇಶಕ್ಕಾಗಿ ತೆರೆದವನು ಕಾಂಬಳವಾಡಿಯ ಮಾಸ್ತರರ ಮಗ, ರೈಲಿನ ಟಿಕೆಟ್ ಪರೀಕ್ಷಕ. ದೊರೆ ಬೇಟೆಯಾಡುತ್ತಿದ್ದ ಕಾಡಿನ ಸೆರಗಿನಿಂದ ಒಬ್ಬ ಹಳ್ಳಿಯ ಹುಡುಗ ಯಾವ ಪ್ರಾಣಿಯನ್ನೂ ನೋಯಿಸದೆ ಗುರಿ ಹೊಡೆದು ಬಂದ. ಸ್ವರಾಜ್ಯ ಬಂದುದರ ಗುರುತುಗಳಲ್ಲಿ ಇದೂ ಒಂದಲ್ಲವೆ?

ಹಾಗೆಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಖಾಶಾಬಾರಿಗಾದಂತೆ ಈ ಸಲ ಆಗಲಿಲ್ಲವೆಂಬುದು ಸಮಾಧಾನದ ಮಾತು. ರೈಲ್ವೆಯವರು ಸ್ವಪ್ನಿಲನಿಗೆ ಬಡ್ತಿ ಕೊಟ್ಟರು. 2025ರ ಜನವರಿಯಲ್ಲಿ ಅವನು ಅರ್ಜುನ ಪ್ರಶಸ್ತಿಯನ್ನು ತನ್ನ ಕೈಯಾರೆ ಸ್ವೀಕರಿಸಿದ. ಆದರೆ ಆ ಮಾವಿನ ಮರದ ಬಳಿ ಕಬ್ಬಿನ ಜಲ್ಲೆ ಹಿಡಿದಿದ್ದ ಹುಡುಗರ ಮಾತೇನು? ಅವರಲ್ಲೊಬ್ಬನ ತಂದೆ ಮುಂದೆ ಸಾಲಪತ್ರಕ್ಕೆ ರುಜು ಹಾಕುವಾಗ ನಾವು ಅವನ ಹೆಸರನ್ನು ಕೇಳಿರುತ್ತೇವೆಯೇ?

ಮರುದಿನ ಕೊಲ್ಹಾಪುರದಿಂದ ಮೀರಜಿಗೆ ರೈಲು ಹತ್ತಿದೆವು. ಗಾಡಿ ಪಂಚಗಂಗೆಯ ಬಯಲನ್ನು ಬಿಟ್ಟು ಸ್ವಲ್ಪ ದೂರ ಬಂದಿರಬೇಕು. ಕಪ್ಪು ಕೋಟಿನ ತರುಣ ಟಿಕೆಟ್ ಪರೀಕ್ಷಕನೊಬ್ಬ ಬಂದು ನಮ್ಮೆದುರು ನಿಂತ. ಸಾಮಾನ್ಯವಾಗಿ ನಾನು ಓದುತ್ತಿರುವ ಪತ್ರಿಕೆಯಿಂದ ತಲೆಯೆತ್ತದೆ ಟಿಕೆಟ್ ಚಾಚುವವನು. ಅಂದು ಪತ್ರಿಕೆಯನ್ನು ಮಡಚಿಟ್ಟು ಅವನ ಮುಖವನ್ನು ನೋಡಿದೆ. ಅವನು ಟಿಕೆಟ್ ಹಿಂದಿರುಗಿಸುವಷ್ಟರಲ್ಲಿ ಶ್ರೀಮತಿ ಪೊಟ್ಟಣದಲ್ಲಿ ಉಳಿದಿದ್ದ ಪ್ರಸಾದವನ್ನು ಅವನ ಕೈಗೆ ಹಾಕಿದಳು.

“ಯಾವ ಊರಪ್ಪಾ ನಿನ್ನದು?” ಎಂದು ಕೇಳಿದಳು.

ಅವನಿಗೆ ಕನ್ನಡ ಬರುತ್ತಿತ್ತೋ, ಪ್ರಶ್ನೆಯೇ ಅರ್ಥವಾಯಿತೋ, ನಗುತ್ತ ತನ್ನ ಹಳ್ಳಿಯ ಹೆಸರನ್ನು ಹೇಳಿದ. ನಾನು ಕೇಳದ ಹೆಸರು. ಜೇಬಿನಿಂದ ಟಿಪ್ಪಣಿ ಪುಸ್ತಕವನ್ನು ತೆಗೆದು, ಕಾಂಬಳವಾಡಿಯ ಕೆಳಗೆ ಅದನ್ನೂ ಬರೆದುಕೊಂಡೆ.